ಹಿಂದಿನ ಸೀಟಿನ ಕೂಗು

ನನ್ನ ಕಾಯಿಲೆಯನ್ನು ಮೊದಲು ಕಂಡುಹಿಡಿದದ್ದು ಡಾಕ್ಟರಲ್ಲ, ಉದಯಗಿರಿಯ ಮೆಕ್ಯಾನಿಕ್ ನಯಾಜ್. ನನ್ನ ಮೋಟರ್ ಸೈಕಲ್ಲಿನಿಂದ ಸಣ್ಣಗೆ ಕುಯ್ ಎನ್ನುವ ಸದ್ದು ಬರುತ್ತಿದೆ ಎಂದು ಒಂದೇ ವಾರದಲ್ಲಿ ಮೂರು ಸಲ ಅವನ ಅಂಗಡಿಗೆ ಹೋಗಿದ್ದೆ. ಮೊದಲ ಸಲ ಚೈನು ಬಿಗಿ ಮಾಡಿದ. ಎರಡನೇ ಸಲ ಕಾರ್ಬೊರೇಟರ್ ಬಿಚ್ಚಿ ತೊಳೆದ. ಮೂರನೇ ಸಲ ತಾನೇ ಒಂದು ಸುತ್ತು ಓಡಿಸಿಕೊಂಡು ಬಂದ. ನಾನು ರಸ್ತೆ ಕಡೆ ಮುಖ ಮಾಡಿ ಟೀ ಕುಡಿಯುತ್ತಿದ್ದೆ. ಗಾಡಿ ನನ್ನ ಬೆನ್ನ ಹಿಂದೆ ನಿಂತಿತ್ತು.

"ಸ್ವಾಮಣ್ಣ, ಈಗ ಕೇಳ್ತಾ ಐತಾ ಸದ್ದು?"

"ಕೇಳ್ತಾ ಐತೆ."

"ಎಂಗೆ ಕೇಳ್ತಾ ಐತೆ?"

"ಅದೇ ಕಣೋ, ಕುಯ್ ಅಂತ. ನಿನ್ ಕಿವಿಗೇನಾಗೈತೆ?"

"ನನ್ ಕಿವಿ ಸರಿಗೈತೆ ಅಣ್ಣ. ಗಾಡಿ ಆಫ್ ಮಾಡಿ ಎರಡು ನಿಮಿಷ ಆಯ್ತು."

ಪಕ್ಕದಲ್ಲಿ ಪಂಕ್ಚರ್ ಹಾಕಿಸಿಕೊಳ್ಳುತ್ತಿದ್ದವನು ನಕ್ಕ. ನಯಾಜ್ ನಗಲಿಲ್ಲ. ಕೈ ಒರೆಸಿಕೊಳ್ಳುತ್ತಾ, "ಗಾಡಿ ಟ್ಯೂನಿಂಗ್ ಏನೂ ಕೆಟ್ಟಿಲ್ಲ. ನಿಮ್ದು ಒಂದ್ಸಲ ಡಾಕ್ಟ್ರಿಗೆ ತೋರಿಸ್ಕೊಂಬುಡಿ" ಅಂದ.

ಆವತ್ತೇ ಹೋಗಿದ್ದರೆ ಈ ಬರಹ ಬರೆಯುವ ಅಗತ್ಯ ಇರುತ್ತಿರಲಿಲ್ಲ. ನಾನು ಹೋಗಲಿಲ್ಲ. ಹೋಗಲಿಲ್ಲ ಎನ್ನುವುದಷ್ಟೇ ಆಗಿದ್ದರೆ ಅದು ನನ್ನ ಕಿವಿಯ ಮಾತು, ನನಗೆ ಬಿಟ್ಟದ್ದು. ಅದಕ್ಕಿಂತ ಹೆಚ್ಚಿನದೊಂದು ಮಾಡಿದೆ.

ನಾನು ಎಸ್ಸೆಸ್ಸೆಲ್ಸಿವರೆಗೆ ಓದಿದವನು. ಮೂವತ್ತೈದು ವರ್ಷ ಊದುಬತ್ತಿ ಮಾರಾಟದ ಕೆಲಸ ಮಾಡಿದೆ. ಹಿಂದೆ ಎರಡು ಚೀಲ, ಟ್ಯಾಂಕಿನ ಮೇಲೆ ಒಂದು ಚೀಲ. ಹುಣಸೂರು, ಪಿರಿಯಾಪಟ್ಟಣ, ಗುಂಡ್ಲುಪೇಟೆ, ಹೀಗೆ ಅಂಗಡಿಯಿಂದ ಅಂಗಡಿಗೆ. ತಲೆಯ ಮೇಲೆ ಅರ್ಧ ಹೆಲ್ಮೆಟ್ಟು, ಕಿವಿ ಹೊರಗೆ. ಗಾಳಿ ಬಡಿಯುವುದು ಗೊತ್ತಾಗುತ್ತಿತ್ತು. ಗಾಳಿ ತಾನೇ ಅಂದುಕೊಂಡಿದ್ದೆ. ಆ ಗಾಳಿಯೇ ದಿನಕ್ಕಿಷ್ಟು ದಿನಕ್ಕಿಷ್ಟು ಕಿವಿಯನ್ನು ತಿಂದುಹಾಕುತ್ತದೆ ಎಂದು ನನಗೆ ಯಾರೂ ಹೇಳಲಿಲ್ಲ. ಹೇಳಿದ್ದರೂ ಕೇಳುತ್ತಿದ್ದೆ ಅನ್ನುವ ನಂಬಿಕೆ ನನಗಿಲ್ಲ.

ಕೆಸರೆಯಲ್ಲಿ ನಮ್ಮ ಮನೆ. ನಾನು, ಹೆಂಡತಿ ರತ್ನಮ್ಮ. ಮಗಳು ಸವಿತಾ ಎರಡು ಬೀದಿ ಆಚೆ ಗಂಡನ ಜೊತೆ ಇದ್ದಾಳೆ, ಬ್ಲೌಸ್ ಹೊಲಿಯುವ ಅಂಗಡಿ ಇಟ್ಟುಕೊಂಡಿದ್ದಾಳೆ. ಕೆಲಸ ಬಿಟ್ಟ ಮೇಲೆ ನನಗೆ ಸುಮ್ಮನೆ ಕೂರುವುದೊಂದೇ ಕೆಲಸ, ಆ ಸದ್ದು ಅದಕ್ಕೂ ಬಿಡಲಿಲ್ಲ. ಊಟಕ್ಕೆ ಕೂತರೆ ಕುಯ್. ಪೇಪರ್ ಹಿಡಿದರೆ ಕುಯ್. ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆ ಬಿಟ್ಟುಕೊಂಡೆ. ಎಣ್ಣೆಯೊಳಗಿಂದಲೂ ಕುಯ್. ಫ್ಯಾನು ಹಾಕುವುದು, ಆರಿಸುವುದು, ಹಾಕುವುದು. ಬೀದಿಯ ಈ ತುದಿಯಿಂದ ಆ ತುದಿಗೆ ಹೋಗುವುದು, ಬರುವುದು. ಈ ಕಾಯಿಲೆ ಇರುವವರಿಗೆ ನಾನು ಹೇಳುತ್ತಿರುವುದು ಅರ್ಥವಾಗುತ್ತದೆ. ಇಲ್ಲದವರಿಗೆ ಎಷ್ಟು ಹೇಳಿದರೂ "ಕಿವೀಲಿ ಏನೋ ಸದ್ದಂತೆ" ಅನ್ನುತ್ತಾರೆ, ಅಷ್ಟೇ.

ಒಂದೇ ಒಂದು ಉಪಾಯ ಫಲಿಸುತ್ತಿತ್ತು. ಗಾಡಿ ಹತ್ತಿ ರಿಂಗ್ ರೋಡಿಗೆ ಹೋಗಿ ಜೋರಾಗಿ ಓಡಿಸಿದರೆ ಆ ಗಾಳಿಯ ಆರ್ಭಟದಲ್ಲಿ ಕುಯ್ ಮುಚ್ಚಿಹೋಗುತ್ತಿತ್ತು. ಅದಕ್ಕೇ ದಿನಾ ಹೋಗುತ್ತಿದ್ದೆ. ಕೆಲವು ದಿನ ಎರಡು ಸಲ. ಕಿವಿಯನ್ನು ಯಾವುದು ಕೆಡಿಸಿತೋ ಅದನ್ನೇ ಔಷಧಿ ಎಂದು ಕುಡಿದೆ. ಇಳಿದ ಮೇಲೆ ಸದ್ದು ಮೊದಲಿಗಿಂತ ಹೆಚ್ಚಾಗಿರುತ್ತಿತ್ತು.

ನಯಾಜ್ ಹೇಳಿದರೂ ಡಾಕ್ಟರ ಹತ್ತಿರ ಹೋಗಲಿಲ್ಲ ಅಂದೆನಲ್ಲ. ಅವನ ಮಾತು ನಂಬದೆ, ಮನೆ ಮುಂದೆ ಕೂತು ನಾನೇ ಗಾಡಿ ಬಿಚ್ಚತೊಡಗಿದೆ. ಎಲ್ಲೋ ಒಂದು ತಗಡು ಅಲುಗಾಡುತ್ತಿದೆ, ಅದರದ್ದೇ ಸದ್ದು ಎಂದು ಹಟ. ನಂಬರ್ ಪ್ಲೇಟಿಗೆ ರಬ್ಬರ್ ಕೊಟ್ಟೆ. ಟೂಲ್ ಬಾಕ್ಸು ಬಿಚ್ಚಿದೆ. ಹಿಂದಿನ ಚಕ್ರದ ಪಕ್ಕದ ಸೀರೆ ಗಾರ್ಡ್ ಕೈಯಲ್ಲಿ ಅಲುಗಾಡಿತು. ಕಳ್ಳ ಸಿಕ್ಕಿದ ಎಂದು ಅದನ್ನೂ ಬಿಚ್ಚಿ ಅಟ್ಟದ ಮೇಲೆ ಎಸೆದೆ. ಸದ್ದು ಹೋಗಲಿಲ್ಲ. ಗಾರ್ಡನ್ನು ಮತ್ತೆ ಹಾಕಲೂ ಇಲ್ಲ.

ಅಷ್ಟು ಹೊತ್ತಿಗೆ ರತ್ನಮ್ಮನ ಮಾತು ನನಗೆ ಅರ್ಧ ಕೇಳುತ್ತಿತ್ತು, ಅರ್ಧ ಊಹೆ. ಊಹೆ ತಪ್ಪಿದರೆ ರೇಗುತ್ತಿದ್ದೆ. "ಗೊಣಗಬೇಡ, ಬಾಯಿ ಬಿಟ್ಟು ಮಾತಾಡು." ಅವಳು ಜೋರಾಗಿ ಹೇಳಿದರೆ, "ಕಿರಚಬೇಡ, ನಾನೇನು ಕಿವುಡನಾ?"

ನಯಾಜ್ ಹೇಳಿ ನಾಲ್ಕು ತಿಂಗಳಾಗಿರಬೇಕು. ಬನ್ನಿಮಂಟಪದಲ್ಲಿ ನನ್ನ ತಂಗಿ ಮನೆಯ ಗೃಹಪ್ರವೇಶ ಮುಗಿಸಿಕೊಂಡು ಮಧ್ಯಾಹ್ನ ವಾಪಸ್ ಬರುತ್ತಿದ್ದೆವು. ರತ್ನಮ್ಮ ರೇಷ್ಮೆ ಸೀರೆ ಉಟ್ಟು ಒಂದು ಪಕ್ಕಕ್ಕೆ ಕಾಲು ಇಳಿಬಿಟ್ಟು ಹಿಂದೆ ಕೂತಿದ್ದಳು. ಊಟ ಭಾರವಾಗಿತ್ತು, ಬಿಸಿಲು, ಕಿವಿಯಲ್ಲಿ ಕುಯ್. ಮನೆ ಸೇರಿದರೆ ಸಾಕು ಅನ್ನಿಸಿ ಗಾಡಿ ಜೋರು ಮಾಡಿದ್ದೆ. ಆಗ ಬೆನ್ನಿಗೆ ಒಂದು ಗುದ್ದು ಬಿತ್ತು.

ಇದನ್ನು ಬರೆಯುವುದಕ್ಕೇ ಇಷ್ಟು ದೂರ ಬಂದೆ. ಗುದ್ದು ಬಿದ್ದದ್ದು ನನಗೆ ಗೊತ್ತಾಯಿತು. ಒಂದಲ್ಲ, ಎರಡಲ್ಲ, ಮೂರು. ನಿಧಾನ ಅಂತ ಹೇಳುತ್ತಿದ್ದಾಳೆ, ಮದುವೆಯಾದಾಗಿನಿಂದ ಇದೊಂದೇ ಮಾತು ಇವಳದ್ದು ಅಂದುಕೊಂಡೆ. ರೇಗಿತು. ಕೈ ಸಡಿಲಿಸಲಿಲ್ಲ. ನಾಲ್ಕನೇ ಗುದ್ದು ಬೀಳಲಿಲ್ಲ. ಗಾಡಿಯ ಹಿಂದಿನ ಭಾರ ಒಮ್ಮೆಲೇ ಇಲ್ಲವಾಯಿತು.

ಸೆರಗು ಚಕ್ರಕ್ಕೆ ಸುತ್ತಿಕೊಂಡಿತ್ತು. ಬಲಗೈ ಮಣಿಕಟ್ಟು ಎರಡು ಕಡೆ ಮುರಿದಿತ್ತು. ತಲೆಗೆ ಪೆಟ್ಟಾಗಲಿಲ್ಲ, ಅದು ನನ್ನ ಪುಣ್ಯವಲ್ಲ, ಅವಳದ್ದು.

ಆಸ್ಪತ್ರೆಯಲ್ಲಿ ಸವಿತಾ ಓಡಿ ಬಂದು, "ಎಂಗಾಯ್ತಪ್ಪ?" ಅಂದಳು. ಸ್ಟ್ರೆಚರಿನ ಮೇಲೆ ರತ್ನಮ್ಮ ಕಣ್ಣು ಬಿಟ್ಟುಕೊಂಡು ಮಲಗಿದ್ದಳು. ನಾನು ಹೇಳಿದೆ: "ಒಂದು ಕೂಗು ಹಾಕಿದ್ರೆ ನಿಲ್ಲಿಸ್ತಿದ್ದೆ ಕಣಮ್ಮ. ಬಾಯಿ ಸತ್ತೋಳ ಥರ ಕೂತಿದ್ಲು."

ರತ್ನಮ್ಮ ನನ್ನ ಮುಖ ನೋಡಿದಳು.

ಅಲ್ಲಿಂದ ಆ ಮಾತು ಬೆಳೆಯಿತು. ನೆಂಟರ ಮನೆಯ ನಾಮಕರಣ, ಆರತಿ, ತಿಥಿ, ಎಲ್ಲಿ ಹೋದರೂ ಯಾರಾದರೊಬ್ಬರು ಅವಳ ಕೈ ನೋಡಿ ಕೇಳುವರು. ನನ್ನ ತಂಗಿಯಂತೂ ಪ್ರತಿ ಸಲ ಎಲ್ಲರೆದುರು, "ಅಲ್ಲ ಅತ್ತಿಗೆ, ಒಂದು ಕೂಗು ಹಾಕ್ಬಾರ್ದಿತ್ತಾ? ಬಾಯಲ್ಲಿ ಎಲೆಅಡಿಕೆ ಇಟ್ಕೊಂಡಿದ್ರಾ?" ಅನ್ನುವಳು. "ಇಟ್ಕೊಂಡಿದ್ದೆ ಕಣಮ್ಮ, ನಿಮ್ಮನೇದೇ, ಉಗಿಯೋಕೆ ಮನಸ್ಸಾಗ್ಲಿಲ್ಲ" ಎಂದು ರತ್ನಮ್ಮ ನಗಿಸುವಳು. ಎಲ್ಲರೂ ನಗುವರು. ನಾನೂ ನಗುತ್ತಿದ್ದೆ. ಆ ಕೈಯಲ್ಲಿ ಅವಳಿಗೆ ಮತ್ತೆ ಮುದ್ದೆ ತಿರುವಲು ಆಗಲಿಲ್ಲ. ನನ್ನ ಗಾಡಿಯ ಹಿಂದೆ ಅವಳು ಮತ್ತೆ ಕೂರಲಿಲ್ಲ. ಎಲ್ಲಿಗೆ ಹೋಗುವುದಾದರೂ, "ನೀವು ಹೋಗಿರಿ, ನಾನು ಬಸ್ಸಲ್ಲಿ ಬತ್ತೀನಿ" ಅನ್ನುವಳು.

ಹೀಗೆ ಎರಡೂವರೆ ವರ್ಷ. ಕೊನೆಗೆ ನನ್ನನ್ನು ಕಿವಿ ಪರೀಕ್ಷೆಗೆ ಕರೆದುಕೊಂಡು ಹೋದವಳು ಸವಿತಾ. ಅವಳ ಅಂಗಡಿಯಲ್ಲಿ ಹೊಲಿಗೆ ಯಂತ್ರ ನಿಂತ ಮೇಲೂ ನಾನು ಕೂಗಿ ಮಾತಾಡುತ್ತಿದ್ದೆನಂತೆ. ಬಂದ ಹೆಂಗಸರು ಜಗಳ ಅಂದುಕೊಂಡು ಹೊರಗೇ ನಿಲ್ಲುತ್ತಿದ್ದರಂತೆ.

ಆ ಕಾಯುವ ಕೋಣೆಯನ್ನು ನಾನು ಮರೆಯುವುದಿಲ್ಲ. ಒಬ್ಬ ಅಟೆಂಡರ್ ಬಂದು ಹೆಸರು ಕೂಗುತ್ತಾನೆ. ಯಾರೂ ಏಳುವುದಿಲ್ಲ. ಅಲ್ಲಿ ಕೂತವರೆಲ್ಲ ಕಿವಿ ಕೇಳದವರೇ. ಅವನು ಇನ್ನೂ ಜೋರಾಗಿ ಕೂಗುತ್ತಾನೆ, ಆಗ ಮೂವರು ಒಟ್ಟಿಗೆ ಏಳುತ್ತಾರೆ, ಮೂವರಲ್ಲಿ ಯಾರೂ ಅವನು ಕರೆದವರಲ್ಲ. ಕಡೆಗೆ ಅವನೇ ಒಬ್ಬೊಬ್ಬರ ಹೆಗಲು ಮುಟ್ಟಿ ಚೀಟಿ ನೋಡುತ್ತಾನೆ. ಬೇಸರವಿಲ್ಲ, ಸಿಡುಕಿಲ್ಲ. ನನ್ನ ಪಕ್ಕ ಕೂತಿದ್ದ ಮುದುಕರೊಬ್ಬರು, "ನಿಮಗೂ ಸದ್ದಾ?" ಅಂದರು. "ಕುಯ್" ಅಂದೆ. "ನಂದು ಗುಂಯ್" ಅಂದರು. ಎಷ್ಟೋ ದಿನದ ಮೇಲೆ ಎದೆ ಸ್ವಲ್ಪ ಹಗುರಾಯಿತು.

ಪರೀಕ್ಷೆ ಒಂದು ಗಾಜಿನ ಕಿಟಕಿಯ ಸಣ್ಣ ಕೋಣೆಯಲ್ಲಿ. ತಲೆಗೆ ಹೆಡ್‌ಫೋನ್ ಹಾಕಿ ಕೈಗೆ ಒಂದು ಗುಂಡಿ ಕೊಟ್ಟರು. ಸದ್ದು ಕೇಳಿದಾಗ ಒತ್ತಬೇಕು. ಗಾಜಿನ ಆಚೆ ಕೂತು ಪರೀಕ್ಷೆ ಮಾಡುತ್ತಿದ್ದ ಮೇಡಂಗೆ ನನ್ನ ಮಗಳಿಗಿಂತ ಚಿಕ್ಕ ವಯಸ್ಸು. ಮೊದಮೊದಲು ಕೇಳಿತು, ಒತ್ತಿದೆ. ಆಮೇಲೆ ಏನೂ ಕೇಳಲಿಲ್ಲ. ಬಹಳ ಹೊತ್ತು ಒತ್ತದಿದ್ದರೆ ಕಿವುಡ ಅಂತ ಬರೆದುಬಿಡುತ್ತಾರೆ ಎಂದು ಹೆದರಿ, ಅಂದಾಜಿನ ಮೇಲೆ ಒತ್ತುತ್ತಾ ಹೋದೆ. ಪರೀಕ್ಷೆಯಲ್ಲಿ ಉತ್ತರ ಗೊತ್ತಿಲ್ಲದಿದ್ದರೂ ಹಾಳೆ ತುಂಬಿಸುತ್ತಿದ್ದೆವಲ್ಲ, ಹಾಗೆ. ಮೇಡಂ ಬಾಗಿಲು ತೆಗೆದು ಒಳಗೆ ಬಂದು ನನ್ನ ಎದುರು ಕೂತು ನಿಧಾನವಾಗಿ ಹೇಳಿದರು: "ಯಜಮಾನ್ರೇ, ಕೊನೇ ಎಂಟು ಸಲ ನೀವು ಒತ್ತಿದಾಗ ನಾನು ಯಾವ ಸದ್ದೂ ಹಾಕಿರಲಿಲ್ಲ."

ಮತ್ತೆ ಮೊದಲಿಂದ ಮಾಡಿದರು.

ಸವಿತಾ ಚೀಟಿ ಮಾಡಿಸಲು ಹೊರಗೆ ಹೋಗಿದ್ದಳು. ಒಳಗೆ ನಾನು, ಜೊತೆಗೆ ಬಂದಿದ್ದ ರತ್ನಮ್ಮ. ಮೇಡಂ ಕೇಳಿದರು, "ಯಾವಾಗಿಂದ ಹೀಗೆ?"

"ಒಂದಾರು ತಿಂಗಳು" ಅಂದೆ.

ರತ್ನಮ್ಮ ತನ್ನ ಬಲಗೈ ಮಣಿಕಟ್ಟು ತಿಕ್ಕಿಕೊಳ್ಳುತ್ತಾ, "ಮೂರು ವರ್ಷ ಆಗಿರ್ಬೇಕು ಮೇಡಂ. ಇವರಿಗೆ ಗೊತ್ತಾಗಿಲ್ಲ ಅಷ್ಟೆ" ಅಂದಳು.

ನನಗೆ ಕುರ್ಚಿಯಲ್ಲಿ ಕೂರಲಾಗಲಿಲ್ಲ. ಅವಳಿಗೆ ಎಲ್ಲ ಗೊತ್ತಿತ್ತು. ಆವತ್ತು ಅವಳ ಕೂಗು ನನಗೆ ಕೇಳಿಸಿರಲಿಲ್ಲ ಅನ್ನುವುದು ಗೊತ್ತಿತ್ತು, ಕೇಳಿಸಿರಲಿಲ್ಲ ಅನ್ನುವುದನ್ನು ನಾನು ಬಚ್ಚಿಟ್ಟದ್ದೂ ಗೊತ್ತಿತ್ತು. ಅಷ್ಟು ಗೊತ್ತಿದ್ದೂ ಎಲೆಅಡಿಕೆ ಜೋಕು ಮಾಡಿಕೊಂಡು ಬಂದಿದ್ದಳು. ಈಗಲೂ "ಇವರಿಗೆ ಗೊತ್ತಾಗಿಲ್ಲ ಅಷ್ಟೆ" ಅಂತ ನನ್ನ ಮೇಲೆ ಹೊದಿಕೆ ಎಳೆಯುತ್ತಿದ್ದಾಳೆ.

ಹೋದ ಕಿವಿ ಬರುವುದಿಲ್ಲ, ಕುಯ್ ಕೂಡ ಪೂರ್ತಿ ಹೋಗುವುದು ಅನುಮಾನ, ಉಳಿದದ್ದನ್ನು ಕಾಪಾಡಿಕೊಳ್ಳಿ ಎಂದು ಮೇಡಂ ಹೇಳಿದರು. ಗಾಡಿ ಬಿಡಿ ಅನ್ನುತ್ತಾರೆ ಎಂದು ಕಾದೆ. ಅನ್ನಲಿಲ್ಲ. ಕಿವಿಗೆ ಗಾಳಿ ಬಡಿಯದ ಹಾಗೆ ಬಿರಡೆ ಹಾಕಿಕೊಂಡು, ಪೂರ್ತಿ ಹೆಲ್ಮೆಟ್ ಹಾಕಿಕೊಂಡು, ನಿಧಾನವಾಗಿ ಓಡಿಸಿ ಅಂದರು.

ಸವಿತಾ ಮೆಡಿಕಲ್ ಅಂಗಡಿಯಿಂದ ಸ್ಪಂಜಿನ ಬಿರಡೆ ತಂದುಕೊಟ್ಟಳು. ಹೆಲ್ಮೆಟ್ ಹಾಕುವಾಗ ಒಂದು ಉದುರುತ್ತಿತ್ತು, ಇನ್ನೊಂದು ಓರೆಯಾಗುತ್ತಿತ್ತು. ನನ್ನ ಎರಡು ಕಿವಿಯ ತೂತು ಒಂದೇ ಅಳತೆಯದ್ದಲ್ಲವಂತೆ. ಕಿವಿಯ ಅಚ್ಚು ತೆಗೆದು ಅದಕ್ಕೆ ತಕ್ಕ ಹಾಗೆ ಮಾಡಿಸುವ ಬಿರಡೆಯೇ ಆಗಬೇಕೆಂದು ಮತ್ತೆ ಮೇಡಂ ಹತ್ತಿರ ಹೋದೆವು. ನಾನು ಗಾಡಿಯಲ್ಲಿ, ಸವಿತಾ ಅವಳ ಸ್ಕೂಟರಿನಲ್ಲಿ, ರತ್ನಮ್ಮ ಬಸ್ಸಿನಲ್ಲಿ. ಮೂವರೂ ಒಂದೇ ಕಡೆಗೆ, ಮೂರು ದಾರಿ.

ಮೇಡಂ ಮೇಜಿನ ಮೇಲೆ ಎರಡು ಥರದ್ದು ಇಟ್ಟರು. ಒಂದು ಬರೀ ಬಿರಡೆ. ಇನ್ನೊಂದರ ಹೊಟ್ಟೆಯೊಳಗೆ ಜೋಳದ ಕಾಳಿನಷ್ಟು ಸ್ಪೀಕರ್. ನಾನು ಎರಡನೆಯದನ್ನು ಮುಟ್ಟಿದೆ.

"ಅಪ್ಪಂಗೆ ಹಾಡು ಬೇಕಂತೆ ಮೇಡಂ" ಅಂದಳು ಸವಿತಾ. "ಕಿವಿ ಹೋದ್ರೂ ಷೋಕಿ ಹೋಗಿಲ್ಲ."

"ಹಾಡಿಗಾದ್ರೆ ನಾನು ಬೇಡ ಅಂತೀನಿ" ಅಂದರು ಮೇಡಂ. "ಯಾಕೆ ಬೇಕು ಹೇಳಿ."

"ಫೋನ್ ಬಂದ್ರೆ..."

"ಓಡಿಸ್ತಾ ಫೋನಲ್ಲಿ ಮಾತಾಡೋದಾ? ಹಾಗಾದ್ರೆ ಖಂಡಿತ ಬೇಡ." ಆಮೇಲೆ ನನ್ನ ಮುಖ ನೋಡಿ ಏನನ್ನಿಸಿತೋ, "ಯಾವುದಾದ್ರೂ ಅಚ್ಚು ಒಂದೇ. ಅಚ್ಚು ತೆಗೀತೀನಿ, ಅಷ್ಟರಲ್ಲಿ ಯೋಚನೆ ಮಾಡಿ" ಅಂದರು.

ದಾರ ಕಟ್ಟಿದ ಹತ್ತಿಯನ್ನು ಕಿವಿಯೊಳಗೆ ಇಟ್ಟರು. ಅದರ ಮೇಲೆ ಸಿರಿಂಜಿನಲ್ಲಿ ತಣ್ಣನೆಯ ಗುಲಾಬಿ ಬಣ್ಣದ ಹಿಟ್ಟು ತುಂಬಿದರು. ಎರಡೂ ಕಿವಿಗೆ. ಬಾಯಿ ಆಡಿಸಬಾರದು, ಅಲುಗಬಾರದು, ಗಟ್ಟಿಯಾಗುವವರೆಗೆ ಐದು ನಿಮಿಷ. ಹೊರಗಿನ ಲೋಕ ಪೂರ್ತಿ ಮುಚ್ಚಿತು. ಒಳಗೆ ಕುಯ್ ಒಂದೇ, ಹಿಂದೆಂದೂ ಇಲ್ಲದಷ್ಟು ಜೋರಾಗಿ. ಎದ್ದು ಓಡಬೇಕು ಅನ್ನಿಸಿತು.

ಎದುರಿನ ಬೆಂಚಿನಲ್ಲಿ ತಾಯಿ ಮಗಳು ಮಾತಾಡುತ್ತಿದ್ದರು. ತುಟಿ ಮಾತ್ರ ಕಾಣುತ್ತಿತ್ತು. ಸವಿತಾ ಏನೋ ಕೇಳಿದಳು. ರತ್ನಮ್ಮ ಎಡಗೈ ಮುಷ್ಟಿ ಕಟ್ಟಿ ಗಾಳಿಯಲ್ಲಿ ಗುದ್ದಿ ತೋರಿಸಿದಳು. ಒಂದು, ಎರಡು, ಮೂರು. ಸವಿತಾ ಬಾಯಿ ತೆರೆದು ನನ್ನ ಕಡೆ ತಿರುಗಿ ನೋಡಿದಳು.

ಕಡೆಗೂ ಹೇಳಿಬಿಟ್ಟಳು ಅಂದುಕೊಂಡೆ. ಹೇಳಲಿ, ಅವಳಿಗೆ ಆ ಹಕ್ಕಿದೆ. ಆದರೆ ಅವಳು ಹೇಳಿ ಮುಗಿಸಿದ ಮೇಲೆ ನಾನು ಒಪ್ಪಿಕೊಂಡರೆ ಅದು ಸಿಕ್ಕಿಬಿದ್ದದ್ದು, ಒಪ್ಪಿಕೊಂಡದ್ದಲ್ಲ. ಅಚ್ಚು ಬೇಗ ಗಟ್ಟಿಯಾಗಲಿ ಎಂದು ಬೇಡಿಕೊಂಡೆ.

ಮೇಡಂ ಹಿಟ್ಟನ್ನು ಎಳೆದು ತೆಗೆದ ಕೂಡಲೇ ಶುರು ಮಾಡಿದೆ. "ಅವಳು ಕೂಗಿದ್ಲು ಕಣಮ್ಮ ಸವಿತಾ. ನನಗೆ ಕೇಳಿಸ್ಲಿಲ್ಲ. ಬೆನ್ನಿಗೆ ಗುದ್ದಿದ್ಲು, ಅದು ಗೊತ್ತಾಯ್ತು. ಗೊತ್ತಾಗಿಯೂ ನಿಲ್ಲಿಸ್ಲಿಲ್ಲ. ಸೀರೆ ಗಾರ್ಡ್ ಬಿಚ್ಚಿದ್ದೂ ನಾನೇ. ಆಸ್ಪತ್ರೇಲಿ ಹೇಳಿದ್ದು ಸುಳ್ಳು."

ರತ್ನಮ್ಮ ಮೆಲ್ಲಗೆ ಹೇಳಿದಳು: "ನಾನು ಅದನ್ನ ಹೇಳ್ತಾ ಇರ್ಲಿಲ್ಲ ಕಣ್ರೀ."

"ಮತ್ತೆ ಗುದ್ದಿ ತೋರಿಸ್ದೆ?"

"ಬಸ್ಸಿನ ಕಥೆ. ಸ್ಟಾಪ್ ಬಂದ್ರೂ ಡ್ರೈವರ್ ನಿಲ್ಲಿಸ್ದೆ ಹೊರಟುಬುಟ್ಟ. ಎದ್ದೋಗಿ ಬಾಗಿಲು ಬಡ್ದೆ, ನಿಲ್ಲಿಸ್ದ. ಅದನ್ನ ಹೇಳ್ತಿದ್ದೆ."

ಸವಿತಾಗೆ ನಗುವೂ ಬರಲಿಲ್ಲ, ಅಳುವೂ ಬರಲಿಲ್ಲ. "ಅಷ್ಟು ಜನದ ಕೈಲಿ ಅಮ್ಮಂಗೆ ಮಾತು ಅನ್ನಿಸ್ದೆಯಲ್ಲಪ್ಪ" ಅಂದಳು. ಅವಳು ಒಂದು ತಿಂಗಳು ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ.

ಮೇಡಂ ಗುಲಾಬಿ ಅಚ್ಚುಗಳನ್ನು ಬೆಳಕಿಗೆ ಹಿಡಿದು ನೋಡುತ್ತಾ ಇದ್ದರು. ಆಮೇಲೆ, "ಸ್ಪೀಕರ್ ಯಾಕೆ ಬೇಕು ಅಂತ ಈಗ ಗೊತ್ತಾಯ್ತು. ಹಿಂದೆ ಕೂರೋರ ಹೆಲ್ಮೆಟ್ಟಿಗೆ ಒಂದು ಮೈಕು ಹಾಕಿಸ್ಬೇಕು. ಗಾಳಿ ಬಿರಡೆಯಲ್ಲೇ ನಿಲ್ಲೋದ್ರಿಂದ ಮೆಲ್ಲಗೆ ಮಾತಾಡಿದ್ರೂ ಕೇಳುತ್ತೆ" ಎಂದು ಹೇಳಿ ರತ್ನಮ್ಮನ ಕಡೆ ತಿರುಗಿದರು. "ಕೂರ್ತೀರಾ ಅಮ್ಮ?"

"ಮೊದ್ಲು ಆ ಸೀರೆ ಗಾರ್ಡ್ ಹಾಕಿಸ್ಲಿ" ಅಂದಳು ರತ್ನಮ್ಮ.

ಬಿರಡೆ ತಯಾರಾಗಿ ಬರುವಷ್ಟರಲ್ಲಿ ನಾನು ಮಾಡಬೇಕಾದ ಕೆಲಸ ಇತ್ತು. ಯಾರ್ಯಾರ ಮುಂದೆ ಆ ಸುಳ್ಳು ಹೇಳಿದ್ದೆನೋ ಅವರಿಗೆಲ್ಲ ನಿಜ ಹೇಳುವುದು. ಕೆಲವರಿಗೆ ಮರೆತೇಹೋಗಿತ್ತು, ನೆನಪು ಮಾಡಿಕೊಟ್ಟು ಹೇಳಬೇಕಾಯಿತು. ತಂಗಿ ಮನೆಗೆ ನಾನೇ ಹೋಗಿ ಹೇಳಿದಾಗ ಅವಳು, "ಅತ್ತಿಗೆ ಮುಖ ನಾನು ಎಂಗಣ್ಣ ನೋಡ್ಲಿ?" ಅಂದಳು. ನನ್ನ ತಪ್ಪಿಗೆ ಅವಳೂ ತಲೆ ತಗ್ಗಿಸುವ ಹಾಗಾಯಿತು. ಸುಳ್ಳು ಹೇಳುವಾಗ ಅದೊಂದು ತಲೆಗೆ ಹೊಳೆದಿರಲಿಲ್ಲ.

ಅಟ್ಟದಿಂದ ಸೀರೆ ಗಾರ್ಡ್ ಇಳಿಸಿ, ತುಕ್ಕು ಉಜ್ಜಿ, ನಯಾಜ್ ಹತ್ತಿರ ಹಾಕಿಸಿದೆ. "ಈಗ ಸದ್ದು ಎಂಗಣ್ಣ?" ಅಂದ. "ಇದೆ. ಗಾಡೀದಲ್ಲ" ಅಂದೆ. ಅವನು ತಲೆಯಾಡಿಸಿ ಒಂದು ಬೋಲ್ಟು ಹೆಚ್ಚಿಗೆ ಬಿಗಿದ.

ಬಿರಡೆ ಬಂದ ದಿನ ಮೊದಲು ನಾನೊಬ್ಬನೇ ಹಾಕಿಕೊಂಡು ರಿಂಗ್ ರೋಡಿಗೆ ಹೋದೆ. ಕಿವಿಗೆ ಕೈ ಅಡ್ಡ ಹಿಡಿದು ಯಾರೋ ಗಾಳಿಯನ್ನು ಹೊರಗೆ ನಿಲ್ಲಿಸಿದ ಹಾಗಿತ್ತು. ಹಾರನ್ ಸಣ್ಣಗೆ ಕೇಳುತ್ತದೆ, ಲಾರಿ ಕೇಳುತ್ತದೆ. ಕುಯ್ ಕೂಡ ಕೇಳುತ್ತದೆ, ಸುಳ್ಳು ಹೇಳಲಾರೆ. ಮುಚ್ಚಿಕೊಳ್ಳಲು ಈಗ ಗಾಳಿಯ ಆರ್ಭಟವೂ ಇಲ್ಲ. ಈ ಸದ್ದಿನ ಜೊತೆ ಒಂದೇ ಮನೆಯಲ್ಲಿ ಇರುವುದನ್ನು ಕಲಿಯುತ್ತಿದ್ದೇನೆ. ಕೆಲವು ದಿನ ಅದು ನನ್ನನ್ನು ಬೀದಿಗೆ ಅಟ್ಟುತ್ತದೆ, ಕೆಲವು ದಿನ ಮೂಲೆಯಲ್ಲಿ ಕೂತಿರುತ್ತದೆ. ಹೊಸದಾಗಿ ಶುರುವಾದವರಿಗೆ ಇಷ್ಟು ಹೇಳಬಲ್ಲೆ: ಮನೆಯವರಿಗೆ ಮೊದಲ ವಾರವೇ ಹೇಳಿಬಿಡಿ.

ಒಂದು ಭಾನುವಾರ ಬೆಳಿಗ್ಗೆ ರತ್ನಮ್ಮ ತಾನಾಗಿ, ಮೈಕು ಹಾಕಿಸಿದ್ದ ಹೆಲ್ಮೆಟ್ ಎತ್ತಿಕೊಂಡು ಬಂದಳು. ಸೆರಗನ್ನು ಸೊಂಟಕ್ಕೆ ಎರಡು ಸುತ್ತು ಸುತ್ತಿ ಸಿಕ್ಕಿಸಿದ್ದಳು. ಗಾರ್ಡನ್ನು ಕೈಯಿಂದ ಅಲುಗಾಡಿಸಿ ನೋಡಿದಳು. "ಬನ್ನಿಮಂಟಪದವರ್ಗೂ ಹೋಗಿ ಬರೋಣ, ಅಷ್ಟೆ" ಅಂದಳು.

ಕೆಸರೆ ದಾಟುವವರೆಗೆ ಅವಳು ಮಾತಾಡಲಿಲ್ಲ. ಅವಳ ಉಸಿರು ಮಾತ್ರ ನನ್ನ ಎರಡೂ ಕಿವಿಯಲ್ಲಿ ಬಂದು ಹೋಗುತ್ತಿತ್ತು. ಇಷ್ಟು ವರ್ಷ ಹಿಂದೆ ಕೂತಿದ್ದವಳ ಉಸಿರನ್ನು ನಾನು ಕೇಳಿದ್ದು ಅದೇ ಮೊದಲು. ಆಮೇಲೆ ಮೆಲ್ಲಗೆ, ಪಕ್ಕದಲ್ಲಿ ಕೂತು ಹೇಳಿದ ಹಾಗೆ, "ನಿಲ್ಸಿ" ಅಂದಳು.

ಎಡಕ್ಕೆ ತೆಗೆದು ನಿಲ್ಲಿಸಿದೆ. "ಏನಾಯ್ತು?"

"ಏನಿಲ್ಲ. ಕೇಳುತ್ತಾ ಅಂತ ನೋಡ್ದೆ. ಹೋಗಿ."

ನೂರು ಗಜ ಹೋಗಿರಲಿಲ್ಲ, "ನಿಲ್ಸಿ." ನಿಲ್ಲಿಸಿದೆ. "ಹೋಗಿ." ಪೆಟ್ರೋಲ್ ಬಂಕಿನ ಮುಂದೆ, "ನಿಲ್ಸಿ." ಹಿಂದಿದ್ದ ಆಟೋದವನು, "ಏನ್ ತಾತ, ಮೆರವಣಿಗೆ ಹೊರಟಿದ್ದೀರಾ?" ಎಂದು ಬೈದುಕೊಂಡು ಹೋದ. "ಹೋಗಿ" ಅಂದಳು ರತ್ನಮ್ಮ. ಹೀಗೆ ಆರು ಸಲ. ಆರು ಸಲವೂ ನಿಲ್ಲಿಸಿದೆ. ಯಾಕೆ ಎಂದು ಮೊದಲ ಸಲ ಬಿಟ್ಟರೆ ಕೇಳಲಿಲ್ಲ.

ಅವಳು ಬಿದ್ದ ಜಾಗ ಹತ್ತಿರ ಬಂತು. ಕಿವಿಯಲ್ಲಿ ಮಾತಿಲ್ಲ. ಉಸಿರು ಬಿಗಿಹಿಡಿದದ್ದು ಗೊತ್ತಾಯಿತು. ಆಮೇಲೆ ಬೆನ್ನಿಗೆ, ಆ ಮುರಿದು ಕೂಡಿದ ಕೈಯಿಂದಲೇ, ಮೆಲ್ಲಗೆ ಒಂದು ಗುದ್ದು ಬಿತ್ತು.

ಎರಡನೆಯದು ಬೀಳುವ ಮೊದಲೇ ಗಾಡಿ ನಿಂತಿತ್ತು.